ಒಂಬತ್ತನೇ ಹಾಳೆಯ ಅಂಬಿಗ

ಜೂನ್ ೩, ಸೋಮವಾರ

ಬೆಳಗಿನ ಜಾವ ಕೆಟ್ಟ ಕನಸು. ಅಂಬಿಗ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದ. ಮೈಯಿಂದ ನೀರು ತೊಟ್ಟಿಕ್ಕಿ, ಅಕ್ಕ ಒರೆಸಿದ್ದ ನೆಲವೆಲ್ಲ ಒದ್ದೆ. ಕೈಯಲ್ಲಿ ದೋಣಿಯ ಹುಟ್ಟು. ಮುಖದಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಇನ್ನೂ ಹೆದರಿಕೆಯಾಯಿತು. “ಮಲಗಿಸಿಬಿಟ್ಟು ಹೋದೆಯಲ್ಲಮ್ಮ. ನಾನು ಏಳಲೋ, ಸಾಯಲೋ? ಒಂದು ಹೇಳಿಬಿಡು” ಅಂದ. “ತಾಳಿ, ರಿಜಿಸ್ಟರ್ ನೋಡಿ ಹೇಳ್ತೀನಿ” ಅಂದೆ. ತೆರೆದರೆ ಹಾಳೆಗಳೆಲ್ಲ ಖಾಲಿ.

ಎದ್ದು ಕೂತೆ. ಎದೆ ಹೊಡೆದುಕೊಳ್ಳುತ್ತಿತ್ತು. ಹಾಗಾದಾಗ ನಡೆದದ್ದನ್ನು ಮೊದಲಿನಿಂದ ಬರೆದುಕೋ, ಗೊತ್ತಿರುವುದನ್ನೂ ಬಿಡದೆ ಬರೆ, ಕಮ್ಮಿಯಾಗುತ್ತದೆ ಎಂದು ನರ್ಸಮ್ಮ ಹೇಳಿದ್ದಾರೆ. ಅದಕ್ಕೇ ಈ ನೋಟ್‌ಬುಕ್ಕು.

ಗೊತ್ತಿರುವುದು ಇದು. ನಾನು ಟೈಪು ಮಾಡುವವಳು. ಓದಿದ್ದು ಏಳನೇ ತರಗತಿ, ಅದೂ ಅರ್ಧ. ಅಮ್ಮ ಹಾಸಿಗೆ ಹಿಡಿದ ವರ್ಷ ಶಾಲೆ ಬಿಟ್ಟೆ. ಹತ್ತು ವರ್ಷದಿಂದ ಇಬ್ಬರು ಕಾದಂಬರಿಕಾರರ ಬಳಿ ಕೆಲಸ. ಒಬ್ಬರು ಮೇಷ್ಟ್ರು, ಭೂಗೋಳ ಪಾಠ ಮಾಡುತ್ತಿದ್ದವರು. ಇನ್ನೊಬ್ಬರು ನರ್ಸಮ್ಮ, ಮೂವತ್ತು ವರ್ಷ ವಾರ್ಡಿನಲ್ಲಿ ದುಡಿದವರು. ಎದುರುಬದುರು ಮನೆ. ಇಬ್ಬರೂ ಸೇರಿ, ಎಲ್ಲೂ ಇಲ್ಲದ ಒಂದು ನಾಡಿನ ಕಥೆಯನ್ನು ಏಳು ಪುಸ್ತಕಗಳಲ್ಲಿ ಬರೆಯುತ್ತಿದ್ದಾರೆ. ಆರು ಅಚ್ಚಾಗಿವೆ, ಏಳನೆಯದೇ ಕೊನೆಯದು. ನೆಲ, ನೀರು, ಗಾಳಿ ಮೇಷ್ಟ್ರದ್ದು. ಜನ, ಜ್ವರ, ಸಾವು ನರ್ಸಮ್ಮನದ್ದು. ತಪ್ಪಾಗದ ಹಾಗೆ, ಯಾರು ಎಲ್ಲಿ, ಯಾವಾಗ ಎಂಬುದನ್ನೆಲ್ಲ ಒಂದು ರಿಜಿಸ್ಟರಿನಲ್ಲಿ ಬರೆದಿಟ್ಟು ನೋಡಿಕೊಳ್ಳುವುದು ನನ್ನದು.

ಶನಿವಾರ ಒಬ್ಬ ಓದುಗರ ಕಾಗದ ಬಂತು. “ಮೂರನೇ ಪುಸ್ತಕದಲ್ಲಿ ದೋಣಿಯಲ್ಲಿ ಮಲಗಿದ ಅಂಬಿಗ ಯಾವಾಗ ಏಳುತ್ತಾನೆ? ಮನೆಯವರೆಲ್ಲ ಕಾಯುತ್ತಿದ್ದೇವೆ” ಎಂದು. ನನಗೆ ನಗು ಬಂತು. ಅಂಬಿಗ ಸತ್ತು ಆರು ವರ್ಷವಾಯಿತು. ಅಧ್ಯಾಯ ಬರೆಯುವ ಮೊದಲೇ ನರ್ಸಮ್ಮ ಹೇಳಿ ಬರೆಸಿದ್ದು ರಿಜಿಸ್ಟರಿನಲ್ಲಿ ನನ್ನ ಅಕ್ಷರದಲ್ಲೇ ಇದೆ: ‘ಅಂಬಿಗ: ದೋಣಿಯಲ್ಲಿ ಒಬ್ಬನೇ ಸತ್ತ. ಕಥೆಯಲ್ಲಿ ಯಾರಿಗೂ ಗೊತ್ತಿಲ್ಲ.’ ಆದರೂ ಮನಸ್ಸು ಕೇಳಬೇಕಲ್ಲ. ಬಾಗಿಲ ಚಿಲಕವನ್ನು ಮೂರು ಸಲ ಮುಟ್ಟಿ ನೋಡುವವಳು ನಾನು. ಮೂರನೇ ಪುಸ್ತಕ ತೆಗೆದು ನೋಡಿದೆ.

‘ಅಂಬಿಗ ದೋಣಿಯಲ್ಲಿ ಮಲಗಿ, ಹುಟ್ಟನ್ನು ಎದೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡ. ಮೇಲೆ ಎರಡು ಹಕ್ಕಿಗಳು ಹೋದವು.’

ಅಷ್ಟೇ. ಅಧ್ಯಾಯ ಮುಗಿಯಿತು. ಮುಂದಿನ ಪುಟದಲ್ಲಿ ಬೇರೆ ಊರು, ಬೇರೆ ಜನ. ಸತ್ತ ಅಂತ ಎಲ್ಲೂ ಇಲ್ಲ.

ಜೂನ್ ೪, ಮಂಗಳವಾರ

ಧೂಳು ಹೊಡೆಯುವ ನೆಪದಲ್ಲಿ ಒಂದು ಗಂಟೆ ಮೊದಲೇ ಮೇಷ್ಟ್ರ ಮಹಡಿ ಕೋಣೆಗೆ ಹೋದೆ. ಹಳೆಯ ಕೈಬರಹವೆಲ್ಲ ತಗಡಿನ ಟ್ರಂಕಿನಲ್ಲಿವೆ. ಮೂರನೇ ಪುಸ್ತಕ, ಹದಿನಾಲ್ಕನೇ ಅಧ್ಯಾಯ. ನರ್ಸಮ್ಮ ಪ್ರತಿ ಅಧ್ಯಾಯಕ್ಕೂ ಹೊಸದಾಗಿ ಒಂದರಿಂದ ಅಂಕಿ ಹಾಕುತ್ತಾರೆ. ಹಾಳೆಯ ಒಂದೇ ಬದಿ ಬರೆಯುತ್ತಾರೆ. ಎಣಿಸಿದೆ, ಎಂಟು ಹಾಳೆ. ಎಂಟನೆಯದು ಕೈಗೆ ದಪ್ಪ ಎನಿಸಿತು.

ದಪ್ಪ ಅಲ್ಲ. ಎರಡು.

ಎಂಟನೇ ಹಾಳೆಯ ಕೆಳಗೆ ಒಂದು ತಿದ್ದುಪಡಿ ಚೀಟಿ. ಆ ಕಾಲದಲ್ಲಿ ನರ್ಸಮ್ಮ ಹೇಳುತ್ತಿದ್ದರು, ನಾನು ಚೀಟಿ ಬರೆದು ಗೋಂದು ಹಚ್ಚಿ ಅಂಟಿಸುತ್ತಿದ್ದೆ. ಎಲ್ಲಿ ಬಿಟ್ಟುಹೋಗುತ್ತದೋ ಎಂದು ಯಾವತ್ತೂ ಎರಡು ಪಾಲು ಗೋಂದು. ಅದು ಅಂಚಿನಿಂದ ಹಿಂದಕ್ಕೆ ಹರಿದು, ಕೆಳಗಿದ್ದ ಒಂಬತ್ತನೇ ಹಾಳೆಯನ್ನು ಹಿಡಿದುಕೊಂಡಿದೆ. ಒಂಬತ್ತರಲ್ಲಿ ಇದ್ದದ್ದು ಆರೇ ಸಾಲು, ಉಳಿದದ್ದು ಬಿಳಿ. ಎಂಟರ ಕೊನೆಗೆ ವಾಕ್ಯವೂ ಮುಗಿದಿತ್ತು, ಪುಟವೂ ತುಂಬಿತ್ತು. ನಾನು ಮುಗಿಯಿತು ಅಂದುಕೊಂಡು ಟೈಪಿನ ಹಾಳೆ ಎಳೆದುಬಿಟ್ಟಿದ್ದೇನೆ. ಪ್ರೆಸ್ಸಿನಲ್ಲಿ ಪ್ರೂಫ್ ನೋಡಿದ್ದು ನನ್ನ ಟೈಪಿನ ಪ್ರತಿ ಇಟ್ಟುಕೊಂಡು. ಅದರಲ್ಲಿ ಇಲ್ಲದ್ದನ್ನು ಅವರು ಎಲ್ಲಿಂದ ತರುತ್ತಾರೆ?

ಚಹಾದ ಕೆಟಲಿನ ಹಬೆಗೆ ಹಿಡಿದು ಬಿಡಿಸಿದೆ. ಆರೂ ಸಾಲು ಹಾಗೇ ಇವೆ. ಇಲ್ಲಿ ಇಳಿಸಿಕೊಂಡಿದ್ದೇನೆ, ಇನ್ನು ಕಳೆಯಬಾರದು:

‘ಅಂಬಿಗ ಕೈ ಇಳಿಬಿಟ್ಟು ನೀರನ್ನು ಮುಟ್ಟಿದ. ನೀರು ಎತ್ತಲೂ ಹೋಗುತ್ತಿರಲಿಲ್ಲ. “ಬಂದೆವಾ?” ಎಂದ. ಉತ್ತರ ಹೇಳಲು ಅಲ್ಲಿ ಯಾರೂ ಇರಲಿಲ್ಲ. ಹುಟ್ಟನ್ನು ಎದೆಯ ಮೇಲಿಂದ ತೆಗೆದು ಪಕ್ಕಕ್ಕೆ ಇಟ್ಟ, ಕೆಲಸ ಮುಗಿಸಿದವರು ಇಡುವ ಹಾಗೆ. ಆಮೇಲೆ ಅವನು ಉಸಿರಾಡಲಿಲ್ಲ.’

ನಾನೇ. ನನ್ನದೇ ಗೋಂದು.

ಜೂನ್ ೭, ಶುಕ್ರವಾರ

ಹೇಳಬೇಕು ಎಂದು ಹೋದೆ. ಹೇಳಲಿಲ್ಲ. ಅವರಿಬ್ಬರೂ ಜೋರಾಗಿ ಜಗಳದಲ್ಲಿದ್ದರು.

ಜಗಳ ಕೊನೆಯ ಪುಸ್ತಕದ್ದು. ನಮ್ಮ ಕಥಾನಾಯಕಿ ‘ಗಂಟೆ ಕದ್ದವಳು’. ಚಿಕ್ಕವಳಿದ್ದಾಗ ಹೊಳೆಯಾಚೆಯ ಊರಿನ ಗಂಟೆ ಕದ್ದಳು. ಅಂದಿನಿಂದ ಆ ಊರಲ್ಲಿ ಹುಟ್ಟಿದ ಯಾವ ಕೂಸಿಗೂ ಮಾತು ಬರುತ್ತಿಲ್ಲ. ಈಗ ದೊಡ್ಡವಳಾಗಿ ಗಂಟೆ ಹಿಂದಿರುಗಿಸಲು ಬಂದಿದ್ದಾಳೆ. ಆರು ಪುಸ್ತಕ ನಡೆದು ದಡಕ್ಕೆ ಬಂದು ನಿಂತಿದ್ದಾಳೆ. ದಾಟಬೇಕು. ದಾಟಿಸುವವನು ಒಬ್ಬನೇ ಇದ್ದ, ಅಂಬಿಗ.

“ಅವಳನ್ನ ದಾಟಿಸಿ ನರ್ಸಮ್ಮ” ಎಂದರು ಮೇಷ್ಟ್ರು. “ಎರಡು ತಿಂಗಳಿಂದ ದಡದಲ್ಲಿ ನಿಲ್ಲಿಸಿದೀರ. ಕಾಲು ನೋಯಲ್ವಾ ಅವಳಿಗೆ?”

“ನೀವು ಹೊಳೇನ ಅಷ್ಟು ಅಗಲ ಯಾಕ್ರೀ ಮಾಡಿದ್ರಿ? ನಾಲ್ಕು ಮಾರು ಸಾಕಾಗಿತ್ತು.”

“ಆಚೆ ದಡ ಕಾಣಲ್ಲ ಅಂತ ಮೊದಲನೇ ಪುಸ್ತಕದಲ್ಲೇ ಅಚ್ಚಾಗಿದೆ. ಈಗ ಕಮ್ಮಿ ಮಾಡೋಕೆ ಅದೇನು ಲಂಗಾನಾ, ಮಡಚಿ ಹೊಲಿಯೋಕೆ?”

“ಹಾಗಾದ್ರೆ ಸೇತುವೆ ಕಟ್ಟಿ.”

“ವರ್ಷಕ್ಕೆರಡು ಸಲ ದಿಕ್ಕು ಬದಲಾಯಿಸೋ ನೀರಲ್ಲಿ ಕಂಬ ನಿಲ್ಲಲ್ಲ ಕಣ್ರೀ.”

“ಈಜ್ಕೊಂಡು ಹೋಗ್ಲಿ.”

“ಗಂಟೆ ಸೊಂಟಕ್ಕೆ ಕಟ್ಕೊಂಡಾ? ಆಮೇಲೆ ಪುಸ್ತಕದ ಹೆಸರು ‘ಮುಳುಗಿದವಳು’ ಅಂತ ಇಡೋಣ.”

ಆ ಹೊಳೆಯ ವಿಷಯ ಬರೆಯದಿದ್ದರೆ ನಾನು ಏನೂ ಬರೆದ ಹಾಗಾಗುವುದಿಲ್ಲ. ಗೋಡೆ ತುಂಬ ಮೇಷ್ಟ್ರ ನಕ್ಷೆ ಇದೆ, ನಡುವೆ ಆ ಹೊಳೆ. ಆರು ತಿಂಗಳು ಬೆಟ್ಟದಿಂದ ಸಮುದ್ರದ ಕಡೆ, ಆರು ತಿಂಗಳು ಸಮುದ್ರದಿಂದ ಬೆಟ್ಟದ ಕಡೆ ಹರಿಯುತ್ತದೆ. ತಿರುಗುವಾಗ ಒಂದು ದಿನ ಪೂರ್ತಿ ನಿಂತುಬಿಡುತ್ತದೆ. ಅದಕ್ಕೆ ‘ನಿಂತ ದಿನ’ ಎಂದು ಹೆಸರು. ದೋಣಿ ದಾಟುವುದು ಆ ದಿನ ಮಾತ್ರ. ಹಿಂದಕ್ಕೆ ಹರಿಯುವ ನೀರು ಎಷ್ಟು ಉಪ್ಪಿರುತ್ತದೆ ಎಂದು ತಿಳಿಯಲು ಒಮ್ಮೆ ಮೇಷ್ಟ್ರು ಹತ್ತು ಲೋಟ ನೀರಿಗೆ ಬೇರೆ ಬೇರೆ ಅಳತೆಯ ಉಪ್ಪು ಹಾಕಿ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದರು. ಮೂವರೂ ಚಮಚದಲ್ಲಿ ಕುಡಿದೆವು. ನರ್ಸಮ್ಮ ಏಳನೇ ಲೋಟಕ್ಕೆ ನಿಂತು, “ಕಣ್ಣೀರಿಗಿಂತ ಒಂದು ಚೂರು ಕಮ್ಮಿ. ಇದೇ” ಎಂದರು. ಪುಸ್ತಕದಲ್ಲಿ ಬಂದದ್ದು ನಾಲ್ಕು ಪದ. ಅದಕ್ಕೆ ಒಂದು ಮಧ್ಯಾಹ್ನ! ಅವತ್ತು ಮನೆಗೆ ಹೋಗುವಾಗ ಬೀದಿಯ ನಲ್ಲಿಯ ನೀರನ್ನೂ ನಾಲಿಗೆಗೆ ಹಚ್ಚಿ ನೋಡಿದ್ದೆ. ನಮ್ಮ ಊರನ್ನೂ ಯಾರೋ ಹೀಗೇ ಕೂತು ಅಳೆದು ಮಾಡಿದ್ದಾರೇನೋ ಅನ್ನಿಸಿ ಮೈ ಜುಮ್ಮೆಂದಿತ್ತು.

ಇಂಥವರ ಕೆಲಸವನ್ನು ನಾನು ಗೋಂದು ಹಾಕಿ ಕೆಡಿಸಿದೆ.

ಇವರಿಗೆ ಹೇಗೆ ಗೊತ್ತಾಗಲಿಲ್ಲ ಎಂದು ಯಾರಾದರೂ ಕೇಳಬಹುದು. ಕೋಣೆಯಲ್ಲಿ ಎರಡು ನಿಯಮ. ಅಚ್ಚಾದ ಪುಸ್ತಕ ತೆರೆಯುವ ಹಾಗಿಲ್ಲ. ತೆರೆದರೆ ತಿದ್ದಬೇಕು ಅನ್ನಿಸುತ್ತದೆ, ಕೈ ಮುಂದಕ್ಕೆ ಹೋಗುವುದಿಲ್ಲ. ಏನು ಬೇಕಾದರೂ ನನ್ನ ರಿಜಿಸ್ಟರ್ ಕೇಳಬೇಕು. ಇನ್ನೊಂದು, ಏಳೂ ಮುಗಿಯುವವರೆಗೆ ಓದುಗರ ಕಾಗದ ನೋಡುವ ಹಾಗಿಲ್ಲ. “ಹೊಗಳಿದ್ರೆ ತಲೆ ತಿರುಗುತ್ತೆ, ಬೈದ್ರೆ ಹೊಟ್ಟೆ ತಿರುಗುತ್ತೆ” ಎಂದು ನರ್ಸಮ್ಮ. ಕಾಗದವೆಲ್ಲ ನನ್ನ ಕಪಾಟಿನಲ್ಲಿವೆ. ಎಲ್ಲ ದಾರಿಯೂ ನನ್ನ ಮೇಜಿನ ಮೇಲೇ ಹಾದುಹೋಗುತ್ತದೆ.

“ಚಿಂತಾಮಣಿ, ಯಾಕೆ ಮುಖ ಹಾಗಿದೆ?” ಎಂದರು ಮೇಷ್ಟ್ರು. ನನ್ನನ್ನು ಕರೆಯುವುದೇ ಹಾಗೆ.

“ಏನಿಲ್ಲ ಸಾರ್. ಚಹಾ ಆರಿಹೋಯ್ತು ಅಂತ.”

ಜೂನ್ ೧೦, ಸೋಮವಾರ

ಅಕ್ಕನಿಗೆ ಹೇಳಿದೆ. ಅವಳು ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದಾಳೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಕೇಳಿದಳು.

“ಇಷ್ಟೇನಾ? ನಾನೆಲ್ಲೋ ಯಾರನ್ನೋ ಕೊಂದು ಬಂದೆ ಅಂದ್ಕೊಂಡೆ.”

“ಕೆಲಸ ಹೋಗುತ್ತೆ ಅಕ್ಕ.”

“ನಾನು ಎಷ್ಟು ಜನರ ಸೊಂಟದ ಅಳತೆ ತಪ್ಪಿದೀನಿ. ಬಿಗಿಯಾಯ್ತು ಅಂತ ಬೈದಿದಾರೆ, ಸಡಿಲ ಆಯ್ತು ಅಂತ ಬೈದಿದಾರೆ. ನಿನ್ನ ತಪ್ಪು ನೋಡು. ನೀನು ತಪ್ಪಿದ್ದಕ್ಕೆ ಒಬ್ಬ ಮನುಷ್ಯ ಬದುಕ್ಕೊಂಡಿದಾನೆ!”

“ಅವನು ಇಲ್ಲದ ಮನುಷ್ಯ.”

“ಇಲ್ಲದೋನಿಗೆ ನಾಲ್ಕು ದಿನದಿಂದ ನೀನ್ಯಾಕೆ ಊಟ ಬಿಟ್ಟಿದೀಯಾ?”

ಅವಳಿಗೆ ಎಲ್ಲವೂ ತಮಾಷೆ.

ಜೂನ್ ೧೩, ಗುರುವಾರ

ಮೇಷ್ಟ್ರು ಹಲ್ಲಿನ ಡಾಕ್ಟರ ಬಳಿ ಹೋಗಿದ್ದರು. ನಾನು, ನರ್ಸಮ್ಮ ಇಬ್ಬರೇ. ಇವತ್ತು ಹೇಳಿಯೇ ತೀರುವುದು ಎಂದು ಒಂಬತ್ತನೇ ಹಾಳೆಯನ್ನು ಫೈಲಿನಲ್ಲಿ ಇಟ್ಟುಕೊಂಡು ಹೋಗಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಶುರು ಮಾಡಿದರು.

“ಮೇಷ್ಟ್ರು ದಿನಾ ಹಂಗಿಸ್ತಾರೆ, ಅಂಬಿಗನನ್ನ ಕೊಂದೆ ಅಂತ. ನಾನು ಕೊಲ್ಲಲಿಲ್ಲ ಕಣೇ. ಅವನು ನಿಜವಾಗ್ಲೂ ಇದ್ದ. ವಾರ್ಡಲ್ಲಿ, ಕಿಟಕಿ ಪಕ್ಕದ ಮಂಚ. ಯಾರ ಕಡೆಯವನೋ ಏನೋ, ಒಬ್ರೂ ನೋಡೋಕೆ ಬರ್ತಿರಲಿಲ್ಲ. ನಾನಾಗ ಹೊಸಬಳು. ಅವತ್ತು ಪಕ್ಕದ ಮಂಚದವರಿಗೆ ರಕ್ತ ಏರಿಸ್ತಿದ್ದೆ. ಅವನು ನನ್ನ ಕಡೆ ತಿರುಗಿ ‘ಬಂದ್ವಾ?’ ಅಂದ. ಎಲ್ಲಿಗೋ ಬಸ್ಸಲ್ಲಿ ಹೋಗ್ತಿರೋ ಹಾಗೆ. ‘ಒಂದ್ನಿಮಿಷ ಇರಿ’ ಅಂತಾನೂ ಅನ್ನಲಿಲ್ಲ ನಾನು. ತಿರುಗಿ ನೋಡೋ ಹೊತ್ತಿಗೆ ಮುಗಿದಿತ್ತು.”

ಅವರ ಕೈ ಮಡಿಲಲ್ಲಿ ಕಾಣದ ಬಟ್ಟೆಯೊಂದನ್ನು ಮಡಚುತ್ತಿತ್ತು.

“ಮೂವತ್ತು ವರ್ಷ ಯಾರಿಗೂ ಹೇಳಿರಲಿಲ್ಲ. ಕೊನೆಗೆ ಆ ಆರು ಸಾಲಲ್ಲಿ ಹೇಳಿದೆ. ನಾವು ಇಷ್ಟು ದಪ್ಪ ಆರು ಪುಸ್ತಕ ಬರೆದ್ವಲ್ಲ, ಎಲ್ಲಾ ಗೆದ್ದಲು ತಿಂದು ಹೋದ್ರೂ ಆ ಆರು ಸಾಲು ಉಳಿದ್ರೆ ಸಾಕು ಅನ್ಸುತ್ತೆ. ಎಷ್ಟೋ ಸಾವಿರ ಜನ ಓದಿದಾರಲ್ಲ, ಅವರೆಲ್ಲ ಒಂದೊಂದು ಕ್ಷಣ ಅವನ ಪಕ್ಕ ಕೂತಿರ್ತಾರೆ ಅಂತ.”

ಒಬ್ಬರೂ ಕೂತಿಲ್ಲ. ಒಬ್ಬರೂ ಓದಿಲ್ಲ. ಆ ಹಾಳೆ ನನ್ನ ತೊಡೆಯ ಮೇಲಿನ ಫೈಲಿನಲ್ಲಿತ್ತು. ಫೈಲನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡೆ. ಒಳಗೆ ಅವನು ಕೆಮ್ಮಿಬಿಡುತ್ತಾನೋ ಅನ್ನುವ ಹಾಗೆ.

ಜೂನ್ ೧೪, ಶುಕ್ರವಾರ

ಹೇಳಲಿಲ್ಲ.

ಜೂನ್ ೧೮, ಮಂಗಳವಾರ

ಕಪಾಟಿನ ಕಾಗದಗಳನ್ನೆಲ್ಲ ಮನೆಗೆ ತಂದು ಹಾಸಿಗೆಯ ಮೇಲೆ ಹರಡಿದೆ. ಅಂಬಿಗನನ್ನು ಕೇಳಿ ಬಂದವು ಮೂವತ್ತೊಂದು. ಆರು ವರ್ಷದಿಂದ ಬರುತ್ತಲೇ ಇವೆ. ಸತ್ತವನನ್ನು ನೆನೆಸಿಕೊಂಡು ಬರೆಯುತ್ತಾರೆ, ಪಾಪ ಎಂದುಕೊಂಡು ಒಂದು ಸಾಲಿನ ಉತ್ತರ ಹಾಕಿ ಕಟ್ಟಿಡುತ್ತಿದ್ದೆ. ಈಗ ಓದಿದರೆ ಪ್ರತಿಯೊಂದೂ ಬೇರೆ ಕಾಗದವೇ ಆಗಿಬಿಟ್ಟಿದೆ.

ಒಬ್ಬ ಬಡಗಿ ಬರೆದಿದ್ದಾನೆ: ಅಂಬಿಗನ ದೋಣಿ ಯಾವ ಮರದ್ದು ಎಂದು ತಿಳಿಸಿ, ಇಷ್ಟು ವರ್ಷ ನೀರಲ್ಲಿದ್ದರೆ ಅಡಿ ಹಲಗೆ ಬದಲಾಯಿಸಬೇಕಾಗುತ್ತದೆ. ಒಬ್ಬಾಕೆಗೆ ಅವನು ಎದ್ದ ಮೇಲೆ ಯಾರೂ ಮನೆಗೆ ಕರೆಯದಿದ್ದರೆ ಎಂಬ ಚಿಂತೆ. ಒಂದು ಮನೆಯಲ್ಲಿ ಮಗು ಮಲಗದಿದ್ದರೆ ‘ಅಂಬಿಗನ ಹಾಗೆ ಮಲಗು’ ಎನ್ನುತ್ತಾರಂತೆ. ಮಗು ಅಳತೆಗೋಲನ್ನು ಎದೆಯ ಮೇಲೆ ಇಟ್ಟುಕೊಂಡು ಮಲಗುತ್ತದಂತೆ. ಇನ್ನೊಂದು ಸಣ್ಣ ಕಾಗದ: “ಅಮ್ಮನಿಗೆ ಕೊನೆಯ ವಾರ ಈ ಅಧ್ಯಾಯವನ್ನೇ ದಿನಾ ಓದಿದೆ. ಅವನು ಸತ್ತಿಲ್ಲ, ನಿದ್ದೆ ಮಾಡಿದಾನೆ ಅಷ್ಟೇ ಅನ್ನುತ್ತಿದ್ದಳು. ಹಾಗೇ ಹೋದಳು. ಧನ್ಯವಾದ.”

ನಾನು ಮಂಚದ ಪಕ್ಕ ನೆಲದ ಮೇಲೆ ಕೂತುಬಿಟ್ಟೆ. ಇವನನ್ನು ಬದುಕಿಸಿದ್ದು ನನ್ನ ಗೋಂದೇ ಇರಬಹುದು. ಆರು ವರ್ಷ ಹೊತ್ತುಕೊಂಡಿದ್ದು ಇವರು. ಯಾವ್ಯಾವುದೋ ಬೀದಿಯ ಯಾವ್ಯಾವುದೋ ಮನೆಯಲ್ಲಿ, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಮೂವತ್ತೊಂದು ಜನ ಒಬ್ಬ ಮನುಷ್ಯ ಏಳುವುದನ್ನು ಕಾಯುತ್ತಿದ್ದಾರೆ. ಬರೆಯದೇ ಕಾಯುತ್ತಿರುವವರು ಎಷ್ಟೋ.

ಅಕ್ಕ ಇಣುಕಿ ನೋಡಿದಳು. ಈ ಸಲ ತಮಾಷೆ ಮಾಡಲಿಲ್ಲ. ಬಡಗಿಯ ಕಾಗದ ಓದಿ, “ಕೇಳಿದಾನಲ್ಲ, ಯಾವ ಮರ ಅದು?” ಎಂದಳು.

“ಹೆಬ್ಬಲಸು” ಎಂದೆ. ರಿಜಿಸ್ಟರಿನಲ್ಲಿ ಹಾಗೆ ಇಲ್ಲ. ಬಾಯಿಗೆ ಬಂತು. ಆಮೇಲೆ ತಪ್ಪು ಹೇಳಿದೆನಾ ಎಂದು ಒಂದು ಗಂಟೆ ಒದ್ದಾಡಿದೆ.

ಜೂನ್ ೧೯, ಬುಧವಾರ

ಹೇಳಿದೆ.

ಮೊದಲು ಅಂದುಕೊಂಡಿದ್ದ ಮಾತೆಲ್ಲ ಮರೆತುಹೋಯಿತು. ಒಂಬತ್ತನೇ ಹಾಳೆ, ಅಚ್ಚಾದ ಮೂರನೇ ಪುಸ್ತಕ, ಕಾಗದದ ಕಟ್ಟು ಮೂರನ್ನೂ ಮೇಜಿನ ಮೇಲಿಟ್ಟು, “ಅಂಬಿಗ ಸತ್ತಿಲ್ಲ ಅಮ್ಮಾ. ನಾನು ಟೈಪು ಮಾಡಲಿಲ್ಲ. ಹಾಳೆ ಅಂಟಿಕೊಂಡಿತ್ತು. ಗೋಂದು ನನ್ನದು” ಎಂದೆ.

ಮೇಷ್ಟ್ರು ನಿಯಮ ಮುರಿದು ಪುಸ್ತಕ ತೆರೆದರು. ಓದಿದರು. ಪುಟ ಮಗುಚಿದರು. ಮತ್ತೆ ಹಿಂದಕ್ಕೆ ಮಗುಚಿದರು. “ಇಲ್ಲ” ಎಂದರು. “ನಿಜವಾಗ್ಲೂ ಇಲ್ಲ ನರ್ಸಮ್ಮ.”

ನರ್ಸಮ್ಮ ಪುಸ್ತಕ ಮುಟ್ಟಲಿಲ್ಲ. ಹಾಳೆಯನ್ನು ಎತ್ತಿಕೊಂಡು ಬೆಳಕಿಗೆ ಹಿಡಿದರು. ಅಂಚಿನಲ್ಲಿ ಗೋಂದು ಹಳದಿಗಟ್ಟಿತ್ತು. “ಆರು ವರ್ಷ” ಎಂದರು.

“ಬೈಯಿರಿ ಅಮ್ಮಾ.”

“ಯಾರೂ ಓದಿಲ್ವಾ?”

“ಇಲ್ಲ.”

“ಒಬ್ಬರೂ?”

“ನಾನು ಮೊನ್ನೆ ಓದಿದೆ. ನಾನೊಬ್ಬಳು.”

ಅವರು ನನ್ನನ್ನು ನೋಡಿದ ನೋಟ ಹೇಗೆ ಬರೆಯಲಿ. ಸಿಟ್ಟಾಗಿದ್ದರೆ ಬರೆಯಬಹುದಿತ್ತು. ಹಾಳೆಯನ್ನು ಅಲ್ಲೇ ಬಿಟ್ಟು, ಕಾಗದದ ಕಟ್ಟು ಮಾತ್ರ ಎತ್ತಿಕೊಂಡು, ಮೆಟ್ಟಿಲಿಳಿದು ಎದುರು ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಚಪ್ಪಲಿ ನಮ್ಮ ಮೆಟ್ಟಿಲ ಬಳಿಯೇ ಉಳಿಯಿತು.

ಮೇಷ್ಟ್ರು ಕಿಟಕಿಯಲ್ಲಿ ನಿಂತು ಆ ಬಾಗಿಲನ್ನೇ ನೋಡುತ್ತ, “ನಾಳೆ ಬಾಮ್ಮ” ಎಂದರು. ಬರಬೇಡ ಎನ್ನಲಿಲ್ಲ. ಅದನ್ನು ದಾರಿಯುದ್ದಕ್ಕೂ ಹೇಳಿಕೊಂಡು ಬಂದೆ.

ಜೂನ್ ೨೦, ಗುರುವಾರ

ನರ್ಸಮ್ಮ ಬರಲಿಲ್ಲ. ಚಪ್ಪಲಿ ಹಾಗೇ ಇದೆ. ಒರೆಸಿ, ಜೋಡಿಸಿ ಇಟ್ಟು ಬಂದೆ.

ಜೂನ್ ೨೪, ಸೋಮವಾರ

ಬಂದರು! ಬರಿಗಾಲಲ್ಲೇ ಬೀದಿ ದಾಟಿ ಬಂದು, ಚಪ್ಪಲಿಯನ್ನು ಅಲ್ಲೇ ನೋಡಿ, ಮೆಟ್ಟಿಕೊಳ್ಳದೆ ಮೇಲೆ ಹತ್ತಿದರು. ಕಾಗದದ ಕಟ್ಟನ್ನು ಮೇಜಿನ ಮೇಲಿಟ್ಟರು. ಮೂವತ್ತೊಂದನ್ನೂ ಬೇರೆ ಬೇರೆ ರೀತಿ ಮಡಚಿದ್ದರು. ಕೆಲವನ್ನು ಬಹಳ ಸಲ ಬಿಡಿಸಿ ಓದಿದ ಗುರುತು.

ಕುರ್ಚಿಯಲ್ಲಿ ಕೂತು, ವಾರ್ಡಿನಲ್ಲಿ ಮಾತಾಡುತ್ತಿದ್ದಂಥ ದನಿಯಲ್ಲಿ ಕೇಳಿದರು: “ಮೂರನೇ ಪುಸ್ತಕದಿಂದ ಏಳನೇದಕ್ಕೆ ಕಥೆಯೊಳಗೆ ಎಷ್ಟು ವರ್ಷ?”

ರಿಜಿಸ್ಟರ್ ನೋಡಿದೆ. “ಎಂಟು.”

“ಎಂಟು ವರ್ಷ ಮಲಗಿದೋನು ಎದ್ರೆ ಉಗುರು ಬೆಳೆದಿರುತ್ತೆ. ಮೀನಖಂಡ ಕರಗಿರುತ್ತೆ. ನಿಲ್ಲೋಕಾಗಲ್ಲ. ಬೆನ್ನೆಲ್ಲ ಹುಣ್ಣು. ಆದ್ರೆ ಕೂತು ಹುಟ್ಟು ಹಾಕಬಹುದು. ತೋಳು ಮೊದಲಿಂದ ಗಟ್ಟಿ ಅವನದು.” ಮೇಷ್ಟ್ರ ಕಡೆ ತಿರುಗಿದರು. “ಅದಿರಲಿ. ಎಂಟು ವರ್ಷದಲ್ಲಿ ದೋಣಿ ಸಮುದ್ರ ಸೇರಿ ಎಲ್ಲೋ ಹೋಗಿರುತ್ತಲ್ಲ. ಅವನನ್ನ ಎಲ್ಲಿ ಹುಡುಕೋದು?”

ಮೇಷ್ಟ್ರು ಪೆನ್ಸಿಲು ಹಿಡಿದು ನಕ್ಷೆಯ ಮುಂದೆ ನಿಂತರು. ಅಂಬಿಗ ಮಲಗಿದ, ಈಗ ಅವಳು ನಿಂತಿರುವ ದೋಣಿಘಟ್ಟದಿಂದ ಕೆಳಗೆ ಗೆರೆ ಎಳೆದರು. ಬೆರಳಲ್ಲಿ ಗೇಣು ಹಾಕಿದರು, ಬಾಯಲ್ಲೇ ಲೆಕ್ಕ ಮಾಡಿದರು. ಇನ್ನೊಮ್ಮೆ ಮಾಡಿದರು. ಪೆನ್ಸಿಲು ನಿಂತಿತು.

“ನರ್ಸಮ್ಮ” ಎಂದರು, ದನಿ ಬೇರೆಯಾಗಿತ್ತು. “ಈ ಘಟ್ಟದಿಂದ ಸಮುದ್ರ ಸೇರೋಕೆ ನೀರಿಗೆ ಏಳು ತಿಂಗಳು ಬೇಕು. ಹೊಳೆ ತಿರುಗೋದು ಆರಕ್ಕೆ.”

“ಅಂದ್ರೆ?”

“ದೋಣಿ ಸಮುದ್ರ ಮುಟ್ಟೋದೇ ಇಲ್ಲ. ಆರು ತಿಂಗಳು ಕೆಳಗೆ ಹೋಗುತ್ತೆ, ಆರು ತಿಂಗಳು ವಾಪಸ್ ಬರುತ್ತೆ. ಪ್ರತಿ ವರ್ಷ, ನಿಂತ ದಿನ, ಹೊರಟ ಜಾಗಕ್ಕೇ ಬಂದು ನಿಲ್ಲುತ್ತೆ. ಎಂಟು ವರ್ಷ! ನಾವು ಅವನನ್ನ ಮರೆತು ಕೂತಿದ್ವಿ ಕಣ್ರೀ, ಹೊಳೆ ತೂಗ್ತಾ ಇತ್ತು.”

ಆ ಹೊಳೆಯನ್ನು ಮೇಷ್ಟ್ರು ಮಾಡಿದ್ದು ಹತ್ತು ವರ್ಷದ ಹಿಂದೆ, ಅಂಬಿಗ ಹುಟ್ಟುವುದಕ್ಕೂ ಮೊದಲು. ಯಾವುದಕ್ಕೂ ಅಲ್ಲ, ಚೆಂದಕ್ಕೆ.

ನನಗೆ ಇನ್ನೊಂದು ನೆನಪಾಯಿತು. ಹೇಳಬಾರದೋ ಏನೋ ಎನ್ನುತ್ತಲೇ ರಿಜಿಸ್ಟರಿನ ಐದನೇ ಪುಸ್ತಕದ ಭಾಗ ತೆರೆದೆ. “ಸಾರ್, ಉಪ್ಪು ತೆಗೆಯೋ ಹೆಂಗಸರು ಒಂದು ದೋಣಿ ನೋಡ್ತಾರೆ. ‘ಹುಟ್ಟು ಹಾಕುವವರಿಲ್ಲದೆ, ಬೆಟ್ಟದ ಕಡೆಗೆ ಹೋಗುತ್ತಿತ್ತು’ ಅಂತ ಇದೆ. ಯಾರ ದೋಣಿ ಅಂತ ಅವತ್ತೇ ಕೇಳಿದ್ದೆ. ನೀವು ‘ಸುಮ್ನೆ ಇರ್ಲಿ ಬಿಡು, ಹೊಳೆ ಅಂದ್ಮೇಲೆ ಒಂದು ದೋಣಿ ಬೇಡ್ವಾ’ ಅಂದಿದ್ರಿ.”

“ನಾನು ಬರೆದ್ನಾ ಅದನ್ನ?”

“ನೀವೇ ಬರೆದಿದ್ದು.”

ಮೇಷ್ಟ್ರು ಕುರ್ಚಿಗೆ ಕುಸಿದರು. “ನನ್ನ ಮೈ ನೋಡಿ” ಎಂದು ತೋಳು ಚಾಚಿದರು. ಕೂದಲು ನೆಟ್ಟಗೆ ನಿಂತಿದ್ದವು. ನರ್ಸಮ್ಮ ಅವರ ನಾಡಿ ಹಿಡಿದು ನೋಡಿದರು, ಅಭ್ಯಾಸಬಲ. “ನಾವು ಇದನ್ನ ಮಾಡ್ತಿದೀವೋ, ಇದು ನಮ್ಮನ್ನ ಮಾಡ್ತಿದೆಯೋ” ಎಂದರು. ನನಗೆ ಅದು ಅರ್ಥವಾಯಿತು ಎಂದು ಹೇಳಲು ಹೆದರಿಕೆ. ಆದರೆ ಆಯಿತು.

ಬೆಳಗಿನಿಂದ ಚಿಲಕದ ಯೋಚನೆಯೇ ಬಂದಿಲ್ಲ. ಹಾಕಿದ್ದೆನೋ ಇಲ್ಲವೋ.

ಜುಲೈ ೧, ಸೋಮವಾರ

ಗಂಟೆ ಕದ್ದವಳು ನಿಂತ ದಿನ ದಡದಲ್ಲಿದ್ದಾಳೆ. ದೋಣಿ ಬಂತು. ಅಂಬಿಗ ಕಣ್ಣು ಬಿಟ್ಟ. ಅಲ್ಲಿ ಇಬ್ಬರೂ ಸಿಕ್ಕಿಕೊಂಡರು. ಎದ್ದ ತಕ್ಷಣ ಅವನು ಏನು ಮಾಡುತ್ತಾನೆ? ಆಕಾಶ ನೋಡುತ್ತಾನೆ ಎಂದರು ಮೇಷ್ಟ್ರು. “ಎಲ್ಲಾ ಪುಸ್ತಕದಲ್ಲೂ ಎಲ್ಲರೂ ಅದನ್ನೇ ನೋಡ್ತಾರೆ” ಎಂದರು ನರ್ಸಮ್ಮ. ನೀರು ಕೇಳುತ್ತಾನೆ ಎಂದೂ ಅವರೇ ಹೇಳಿದರು. “ಹೊಳೆ ಮಧ್ಯದಲ್ಲಾ?” ಎಂದರು ಮೇಷ್ಟ್ರು.

“ನೀನು ಹೇಳೇ” ಎಂದರು ನರ್ಸಮ್ಮ. “ಇಷ್ಟು ವರ್ಷ ಅವನನ್ನ ಇಟ್ಕೊಂಡೋಳು ನೀನು.”

“ನನಗೇನು ಗೊತ್ತು ಅಮ್ಮಾ. ನಾನಾಗಿದ್ರೆ ದೋಣಿ ಸೋರ್ತಿದೆಯಾ ಅಂತ ಕೈಯಾಡಿಸಿ ನೋಡ್ತಿದ್ದೆ.”

ಇಬ್ಬರೂ ನಕ್ಕರು. ಆಮೇಲೆ ನಗು ನಿಂತಿತು. “ಬರಿ ಅದನ್ನ” ಎಂದರು ಮೇಷ್ಟ್ರು. ಏಳು ಸಾಲು ಟೈಪು ಮಾಡಿ ಕೊಟ್ಟೆ: ಅಡಿ ಹಲಗೆಯನ್ನು ಬೆರಳಲ್ಲಿ ತಡವುತ್ತಾನೆ, ಒಂದು ಕಡೆ ಮೆತ್ತಗಾಗಿದೆ, ಹೆಬ್ಬಲಸು ಇಷ್ಟು ಬೇಗ ಮೆತ್ತಗಾಗಬಾರದಲ್ಲ ಎಂದುಕೊಳ್ಳುತ್ತಾನೆ, ಆಗ ತಾನು ಎಷ್ಟು ವರ್ಷ ಮಲಗಿದ್ದೆ ಎಂದು ಅವನಿಗೆ ತಿಳಿಯುತ್ತದೆ. ನರ್ಸಮ್ಮ ಒಂದು ಅಲ್ಪವಿರಾಮ ಮಾತ್ರ ತೆಗೆದರು. ನಾನು ಬರೀ ಟೈಪು ಮಾಡಿದ್ದು, ಯೋಚನೆ ಅವರದ್ದೇ. ಆ ಅಲ್ಪವಿರಾಮ ಯಾಕೆ ತಪ್ಪು ಎಂದು ಕೇಳಬೇಕು.

ಜುಲೈ ೧೨, ಶುಕ್ರವಾರ

ದಾಟುವ ಅಧ್ಯಾಯ ಮುಗಿಯಿತು. ಒಂದೇ ಸಲ ದಾಟಿಸುವಷ್ಟು ಮಾತ್ರ ಆ ಮೈಯಲ್ಲಿ ಉಳಿದಿರುತ್ತದೆ, ಆಚೆ ದಡಕ್ಕೆ ತಾಗಿದ ಮೇಲೆ ಇರುವುದಿಲ್ಲ, ಮತ್ತೆ ಹುಟ್ಟನ್ನು ಎದೆಯ ಮೇಲಿಟ್ಟುಕೊಂಡು ಮಲಗುತ್ತಾನೆ ಎಂದರು ನರ್ಸಮ್ಮ. ನನಗೆ ದುಃಖವಾಯಿತು. ಆದರೆ ಅವರ ಮುಖ ನೋಡಿ ಸುಮ್ಮನಾದೆ. ಡ್ರಾಯರಿನಿಂದ ಆ ಹಳೆಯ ಒಂಬತ್ತನೇ ಹಾಳೆ ತೆಗೆದರು.

“ಇದೇ ಆರು ಸಾಲು ಕೊನೇಲಿ ಬರುತ್ತೆ. ಪದ ಬದಲಾಗಲ್ಲ, ಜಾಗ ಅಷ್ಟೇ. ಈ ಸಲ ಎಲ್ಲರೂ ಓದ್ತಾರೆ.”

ಮಿಷನ್ನಿಗೆ ಹಾಳೆ ಏರಿಸಿದೆ. ಮೂರು ಸಾಲು ಟೈಪು ಮಾಡಿ ಕೈ ನಿಂತಿತು. ಹೇಳಲೋ ಬೇಡವೋ. ಅವರ ಜೀವದಂಥ ಸಾಲು. ಆದರೆ ತಪ್ಪು ತಪ್ಪೇ.

“ಅಮ್ಮಾ, ಇಲ್ಲಿ ಒಂದು ತಾಳೆ ಬೀಳಲ್ಲ.”

“ಏನು?”

“‘ಉತ್ತರ ಹೇಳಲು ಅಲ್ಲಿ ಯಾರೂ ಇರಲಿಲ್ಲ’ ಅಂತ ಇದೆ. ಆಗ ಅವನೊಬ್ಬನೇ ಇದ್ದ. ಈಗ ದೋಣೀಲಿ ಅವಳು ಕೂತಿದಾಳಲ್ಲ. ಎದುರಿಗೇ.”

ಮೇಷ್ಟ್ರು ಕನ್ನಡಕ ತೆಗೆದರು. ನರ್ಸಮ್ಮ ಹಾಳೆಯನ್ನು ನೋಡಿದರು. ಆ ಸಾಲಿನ ಮೇಲೆ ಬೆರಳಿಟ್ಟರು, ಜ್ವರ ನೋಡುವ ಹಾಗೆ.

“ಹೌದಲ್ಲ” ಎಂದರು. “ಇದಾಳೆ.”

“ಏನಂತ ಹಾಕ್ಲಿ ಅಮ್ಮಾ?”

ಅವರು, ನನಗಲ್ಲ, ಕಿಟಕಿಯ ಕಡೆ ತಿರುಗಿ, ಯಾರಿಗೋ ಹೇಳುವ ಹಾಗೆ ಹೇಳಿದರು: “ಬಂದ್ವಿ. ಬಂದ್ವಿ ಕಣಪ್ಪ.”

ನಾನು ಹಳೆಯ ಸಾಲು ಬಿಟ್ಟು, ‘“ಬಂದೆವು” ಎಂದಳು’ ಎಂದು ಟೈಪು ಮಾಡಿದೆ. ಆ ಅಕ್ಷರಗಳ ಸದ್ದು ಇಡೀ ಕೋಣೆಗೆ ಕೇಳಿಸಿತು.

ಮನೆಗೆ ನಡೆದು ಬರುವಾಗ ಬೀದಿಯ ಎಲ್ಲ ಕಿಟಕಿಗಳನ್ನೂ ನೋಡುತ್ತ ಬಂದೆ. ಯಾವುದರೊಳಗೆ ಯಾರು ಯಾರನ್ನು ಕಾಯುತ್ತಿದ್ದಾರೋ.

ಜುಲೈ ೨೬, ಶುಕ್ರವಾರ

ಪುಸ್ತಕ ಪ್ರೆಸ್ಸಿಗೆ ಹೋಗುತ್ತಿದೆ. ಕೈಬರಹವನ್ನೂ ಟೈಪಿನ ಪ್ರತಿಯನ್ನೂ ಎರಡು ಸಲ ಪಕ್ಕಪಕ್ಕ ಇಟ್ಟು ನೋಡಿದೆ. ಗೋಂದಿನ ಬಾಟಲಿ ಅಕ್ಕನಿಗೆ ಕೊಟ್ಟುಬಿಟ್ಟೆ. ಈಗ ಎಲ್ಲದಕ್ಕೂ ಗುಂಡುಸೂಜಿ. ಅವಳದ್ದೇ. ಮೊದಲ ಹಾಳೆಯಲ್ಲಿ ಅವರಿಬ್ಬರ ಹೆಸರಿನ ಕೆಳಗೆ ಮೇಷ್ಟ್ರು ಪೆನ್ಸಿಲಿನಲ್ಲಿ ಮೂರನೇ ಹೆಸರು ಬರೆದಿದ್ದಾರೆ. ನನ್ನದು. ಅಕ್ಷರ ಜೋಡಿಸುವವರಿಗೆ ಗೊಂದಲವಾದೀತು ಎಂದು ಅಳಿಸಿದೆ. ನರ್ಸಮ್ಮ ನೋಡಿ ಇಂಕಿನಲ್ಲಿ ಬರೆದರು.

ಕಟ್ಟಿನ ಮೇಲೆ ಪ್ರೂಫ್ ನೋಡುವವರಿಗೆ ಈ ಚೀಟಿ ಚುಚ್ಚಿದ್ದೇನೆ. ನಕಲು ಇಲ್ಲಿ ಇಟ್ಟುಕೊಳ್ಳುತ್ತಿದ್ದೇನೆ:

‘ಸಾರ್, ದಾಟುವ ಅಧ್ಯಾಯಕ್ಕೆ ಒಟ್ಟು ಹನ್ನೊಂದು ಹಾಳೆ. ಹನ್ನೊಂದನೆಯದರಲ್ಲಿ ಆರೇ ಸಾಲು ಇರುವುದು, ಉಳಿದದ್ದು ಬಿಳಿ, ಮುಗಿಯಿತು ಅಂದುಕೊಳ್ಳಬೇಡಿ. ಹತ್ತನೆಯದನ್ನು ಬೆರಳಲ್ಲಿ ಉಜ್ಜಿ, ಬೆಳಕಿಗೆ ಹಿಡಿದು ನೋಡಿ, ಒಂದೇ ಇದೆಯಾ ಎಂದು. ನಾಲ್ಕನೇ ಸಾಲಿನಲ್ಲಿ “ಬಂದೆವು” ಎಂಬ ಪದ ಇರಬೇಕು. ನೀವು ಒಮ್ಮೆ ನೋಡಿರುತ್ತೀರಿ, ಗೊತ್ತು. ದಯವಿಟ್ಟು ಅದೊಂದನ್ನು ಇನ್ನೊಮ್ಮೆ ನೋಡಿ.’